ಯಾರೂ ಬಿಟ್ಟಿಲ್ಲ ತಾನೆ?

ಅವರ ಬಲಗಿವಿಯ ಮೇಲೆ, ಕೂದಲು ಶುರುವಾಗುವ ಕಡೆ, ಒಂದು ಗೆರೆಯಷ್ಟು ಜಾಗ ಬೋಳಾಗಿತ್ತು. ಮೂವತ್ತು ವರ್ಷ ಒಂದೇ ಕಡೆ ಪೆನ್ಸಿಲ್ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಅಲ್ಲಿ ಕೂದಲು ಬೆಳೆಯುವುದನ್ನೇ ಬಿಟ್ಟಿತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಅದು. ಕೆಂಪು ಹೊಡೆದುಹಾಕುವುದಕ್ಕೆ, ನೀಲಿ ಅನುಮಾನಕ್ಕೆ. ಕೆಂಪು ತುದಿ ಇನ್ನೂ ಬೆರಳುದ್ದ ಇರುವಾಗಲೇ ನೀಲಿ ತುದಿ ಸವೆದು ಮೊಂಡಾಗಿರುತ್ತಿತ್ತು. ಸ್ನಾನಕ್ಕೆ ಹೊರಟಾಗಲೂ ಅದು ಕಿವಿಯ ಮೇಲೇ ಇರುತ್ತಿತ್ತು. ಬಚ್ಚಲ ಬಾಗಿಲಲ್ಲಿ ಅವರ ಹೆಂಡತಿ ಕೈ ಚಾಚಿ ಅದನ್ನು ಇಸಿದುಕೊಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಯಾರದೋ ಮದುವೆಯ ಕರೆಯೋಲೆ ಬಂದರೆ ಅದರಲ್ಲೂ ಎರಡು ಕಡೆ ನೀಲಿ ಗೀಟು ಬೀಳದೆ ಅದು ಕಪಾಟು ಸೇರುತ್ತಿರಲಿಲ್ಲ. 'ಬಂಧುಮಿತ್ರರೊಡನೆ ಬರಬೇಕು ಅಂತ ಬರ್ದಾರ. ಬಂಧು ಇಲ್ಲದವ ಒಬ್ಬನೇ ಬಂದ್ರೆ ಊಟ ಹಾಕ್ತಾರೋ ಇಲ್ಲೋ?' ಎಂದು ಗಂಭೀರವಾಗಿ ಕೇಳುತ್ತಿದ್ದರು.

ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಅವರನ್ನು ಎಲ್ಲರೂ ಲಾ ಮೇಷ್ಟ್ರು ಎನ್ನುತ್ತಿದ್ದರು. ಹಾವೇರಿ ಕಡೆಯವರು. ಹಣೆಯ ಮೇಲೆ ಬೆಳಿಗ್ಗೆ ಮೂರು ಗೆರೆ ವಿಭೂತಿ, ಸಂಜೆ ಬಸ್ಸಿಳಿದು ಬರುವಾಗ ಬೆವರಿಗೆ ಕರಗಿ ಒಂದೂವರೆ ಗೆರೆ. ಕಚ್ಚೆಪಂಚೆಯ ಮೇಲೆ ಕರಿ ಕೋಟು. ಲಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರನ್ನು ಸರ್ಕಾರ ಕರೆದು ಕಾನೂನು ಇಲಾಖೆಯಲ್ಲಿ ಕೂರಿಸಿತ್ತು. ಮಂತ್ರಿಗಳು, ಅಧಿಕಾರಿಗಳು ತಮಗೆ ಏನು ಬೇಕೆಂದು ಹೇಳುತ್ತಾರೆ. ಅದನ್ನು ಕಾನೂನಿನ ಮಾತಿನಲ್ಲಿ ಬರೆದುಕೊಡುವುದು ಇವರ ಕೆಲಸ. ಹಗಲೆಲ್ಲ ವಿಧಾನಸೌಧದಲ್ಲಿ ಬರೆದು, ವಾರದಲ್ಲಿ ಎರಡು ಸಂಜೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆ ಸಂಜೆ ಕಾಲೇಜಿನಲ್ಲಿ ನಾನು ಅವರ ವಿದ್ಯಾರ್ಥಿನಿ. ಹಗಲು ಒಂದು ಆಫೀಸಿನಲ್ಲಿ ಟೈಪಿಸ್ಟು. ಮೂವತ್ತೆಂಟು ಗಂಡಸರ ನಡುವೆ ನಾವಿಬ್ಬರು ಹೆಂಗಸರು. ಇನ್ನೊಬ್ಬಾಕೆ ಅರ್ಧಕ್ಕೇ ಬಿಟ್ಟಳು.

ನಮ್ಮ ಮನೆ ಅವರ ಮನೆಯ ಎದುರಿಗೆ, ಸರ್ಕಾರ ಕಟ್ಟಿಸಿದ ಕೆಲಸಗಾರರ ಕಾಲೋನಿಯ ಸಾಲಿನಲ್ಲಿ ಮೊದಲನೆಯದು. ಅಪ್ಪ ಬಿನ್ನಿಪೇಟೆಯ ಗಿರಣಿಯಲ್ಲಿ ನೇಯ್ಗೆಯ ಕೆಲಸದಲ್ಲಿದ್ದರು. ಆ ಲೆಕ್ಕದಲ್ಲಿ ಕಾಲೋನಿಯ ಮನೆ ಸಿಕ್ಕಿತ್ತು. ನನ್ನ ತಾಯಿ ನನಗೆ ನಾಲ್ಕು ವರ್ಷವಿದ್ದಾಗಲೇ ಹೋದರು. ನನ್ನನ್ನು ಬೆಳೆಸಿದ್ದು ಅತ್ತೆ, ಅಪ್ಪನ ಅಕ್ಕ. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಬಂದ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದನ್ನು ಮತ್ತೆ ಬಿಚ್ಚಲೇ ಇಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಡಿಗೆ, ನೀರು, ನನ್ನ ಜಡೆ, ಅಪ್ಪನ ಬುತ್ತಿ, ಇವೆಲ್ಲ ಮುಗಿದ ಮೇಲೆ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ರಸ್ತೆಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಬಾಗಿಲಿಗೆ ಬಂದವರು ಯಾರಾದರೂ 'ಮನೇಲಿ ಯಾರಿದಾರೆ?' ಎಂದು ಕೇಳಿದರೆ ಅತ್ತೆ ಒಳಗಿನಿಂದ 'ಯಾರೂ ಇಲ್ಲಪ್ಪ, ಎಲ್ಲ ಕೆಲಸಕ್ಕೆ ಹೋಗಿದಾರೆ' ಎನ್ನುತ್ತಿದ್ದರು. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಮೇಷ್ಟ್ರ ಪಾಠದ ರೀತಿಯೇ ಬೇರೆ. ಮೊದಲನೆಯ ದಿನ ಪುಸ್ತಕ ತೆಗೆಯಲು ಬಿಡಲಿಲ್ಲ. 'ಪಾರ್ಕಿನಾಗ ಒಂದು ಬೆಂಚು ಅದ. ಅದರ ಮೇಲೆ ಯಾರು ಕೂಡಬಹುದು ಅಂತ ಒಂದು ಸಾಲಿನ ನಿಯಮ ಬರೀರಿ' ಎಂದರು. ನಾನು ಬಹಳ ಜಾಣತನದಿಂದ 'ಸಾರ್ವಜನಿಕರು ಮಾತ್ರ' ಎಂದು ಬರೆದೆ. ಕಾಗದ ನೋಡಿ ಕಿವಿಯಿಂದ ಪೆನ್ಸಿಲ್ ತೆಗೆದರು.

'ಸಾರ್ವಜನಿಕರಲ್ಲದವರು ಯಾರು, ತಂಗಿ?'

ಹಿಂದಿನ ಬೆಂಚಿನವನೊಬ್ಬ 'ನಾಯಿ, ಸಾರ್' ಎಂದ. ತರಗತಿ ಗೊಳ್ಳೆಂದಿತು. ಅವರು ನಗಲಿಲ್ಲ. 'ಸರಿ, ನಾಯಿ ಹೊರಗೆ. ಕುರುಡರಿಗೆ ದಾರಿ ತೋರಿಸಿ ಕರ್ಕೊಂಡು ಬರೋ ನಾಯಿ?' ಎಂದು ಅವನನ್ನೇ ಕೇಳಿದರು. ಆಮೇಲೆ ಪಾರ್ಕಿನಲ್ಲಿ ಕಸ ಗುಡಿಸುವವಳು ದಣಿವಾರಿಸಿಕೊಳ್ಳಲು ಕೂತರೆ ಅವಳು ಸಾರ್ವಜನಿಕಳೋ ಕೆಲಸದವಳೋ ಎಂದು ಮುಕ್ಕಾಲು ಗಂಟೆ ನಮ್ಮನ್ನು ಕಾಡಿದರು. ಗಂಟೆ ಬಾರಿಸುವ ಹೊತ್ತಿಗೆ ನಮಗೆ ಒಂದು ಬೆಂಚಿನ ನಿಯಮವನ್ನೂ ಬರೆಯಲು ಬರುವುದಿಲ್ಲ ಎನ್ನುವುದು ಖಾತ್ರಿಯಾಗಿತ್ತು. ಹೊರಡುವಾಗ ಹೇಳಿದರು: 'ನಿಯಮ ಅಂದ್ರ ಬಾಗಿಲು. ಒಳಗೆ ಬಂದವರನ್ನ ನೋಡಿ ಖುಷಿ ಪಡಬ್ಯಾಡ್ರಿ. ಬಾಗಿಲು ಹಾಕೋ ಮುಂಚೆ ಹೊರಗೆ ಯಾರು ನಿಂತಾರ, ಹಣಿಕಿ ನೋಡ್ರಿ.'

ಅವರ ಇನ್ನೊಂದು ಪಾಠ ಇದಕ್ಕಿಂತ ಕಠಿಣ. ಒಂದು ಕಾನೂನನ್ನು ಓದುವಾಗ, ಅದನ್ನು ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿಕೊಂಡು ಹೋಗಬಾರದು. ಹಾಳೆಯ ಮೇಲೆ ಏನಿದೆಯೋ ಅಷ್ಟೇ. 'ಬರೆದವ ಸತ್ತಾನ ಅಂತ ತಿಳಕೊಂಡು ಓದ್ರಿ' ಎನ್ನುತ್ತಿದ್ದರು. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದೆವು.

ಆದರೆ ಅವರ ನಿಜವಾದ ಕಾಲೇಜು ನಡೆಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಅವರ ಮನೆಯ ಜಗಲಿಯ ಮೇಲೆ. ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ನಡೆದು ಬರುವ ಸೊಪ್ಪಿನವಳು ಅವರ ಗೇಟಿನ ಹತ್ತಿರ ಬಂದಾಗ ಎಂಟು ಗಂಟೆ. ಮೇಷ್ಟ್ರು ಬನಿಯನ್ನಿನಲ್ಲಿ, ಉದ್ದನೆಯ ರೂಲ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಅವರ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಅವರೆಕಾಯಿಯೋ ಏನೋ ಸುಲಿಯುತ್ತ. ಅತ್ತೆ ಸೊಪ್ಪಿಗೆಂದು ಬಂದವರು ಮೆಟ್ಟಿಲ ತುದಿಯಲ್ಲಿ. ನಾನು ಅತ್ತೆಯ ಹಿಂದೆ.

ಸರ್ಕಾರದ ಕರಡು ಹೊರಗೆ ಹೇಳುವ ಹಾಗಿಲ್ಲ. ಅದಕ್ಕೆ ಮೇಷ್ಟ್ರು ಅದನ್ನು ಕತೆ ಮಾಡುತ್ತಿದ್ದರು. 'ಒಂದೂರಾಗ ಒಬ್ಬ ಇದ್ದ' ಎಂದು ಶುರುಮಾಡಿದರೆ ಎಲ್ಲೋ ಒಂದು ಕಾನೂನು ಬೇಯುತ್ತಿದೆ ಎಂದು ನಮಗೆಲ್ಲ ತಿಳಿಯುತ್ತಿತ್ತು. ಕಾನೂನಿನ ಗಂಧವಿಲ್ಲದ ಮೂವರಾದರೂ ಕತೆ ಕೇಳಿ, ಇದರಲ್ಲಿ ಯಾರೂ ಬಿಟ್ಟುಹೋಗಿಲ್ಲ ಎಂದು ಹೇಳದೆ ಅವರು ಕರಡಿಗೆ ಸಹಿ ಹಾಕುತ್ತಿರಲಿಲ್ಲ. ಯಾರು ಏನು ಹೇಳಿದರೆಂದು ಆ ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಅದನ್ನು ಕತೆ ಪುಸ್ತಕ ಎಂದು ಹೀಯಾಳಿಸುತ್ತಿದ್ದರು.

ಒಮ್ಮೆ ಕತೆ ಬೀದಿಯಲ್ಲಿ ಮಾರುವವರದು. ರಸ್ತೆಯ ಬದಿ ಬುಟ್ಟಿ ಇಟ್ಟುಕೊಂಡು ಮಾರುವವರನ್ನು ಪೊಲೀಸರು ಎಬ್ಬಿಸಬಾರದು ಎಂದು ಆ ಊರಿನ ರಾಜ ಆಜ್ಞೆ ಮಾಡಿದನಂತೆ. ಸೊಪ್ಪಿನವಳು ದಂಟಿನ ಕಟ್ಟು ಕೊಡವುತ್ತ ಕೇಳಿದಳು:

'ಅಲ್ಲ ಸಾಮಿ, ನಾನು ಬುಟ್ಟಿ ಇಡೋದೇ ಇಲ್ವಲ್ಲ. ಮನೆಯೋರು ಕರುದ್ರೆ ಇಳಿಸ್ತೀನಿ, ಇಲ್ದಿದ್ರೆ ತಲೆ ಮ್ಯಾಗೇ ಇರ್ತದೆ. ನಿಮ್ ರಾಜಂಗೆ ನಾನು ಕಾಣ್ತೀನಾ, ಇಲ್ವಾ?'

ಮೇಷ್ಟ್ರು ಎದ್ದು ನಿಂತುಬಿಟ್ಟರು. ತೊಡೆಯ ಮೇಲಿನ ಪುಸ್ತಕ ಕೆಳಗೆ ಬಿತ್ತು. 'ಕೇಳ್ದ್ಯಾ, ಕೇಳ್ದ್ಯಾ?' ಎಂದು ಹೆಂಡತಿಯ ಕಡೆ ತಿರುಗಿದರು. ಅವತ್ತು ಸೊಪ್ಪಿನವಳಿಗೆ ಮನೆಯೊಳಗಿನಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂತು. ಅವಳು ಮೇಷ್ಟ್ರ ಹೆಂಡತಿಗೆ, 'ನಿಮ್ಮೆಜಮಾನ್ರಿಗೆ ಯಾಕವ್ವ ಇಷ್ಟು ಕುಸಿ, ಬುಟ್ಟಿ ತಲೆ ಮ್ಯಾಗಿದ್ರೆ?' ಎಂದು ಕೇಳಿ ಹೋದಳು.

ಇನ್ನೊಂದು ಭಾನುವಾರದ ಕತೆ ಹೀಗಿತ್ತು. ಒಂದೂರಲ್ಲಿ ಒಬ್ಬ ಕೆಲಸಗಾರ. ಅವನಿಗೆ ಸರ್ಕಾರ ಇರಲಿಕ್ಕೆ ಮನೆ ಕೊಟ್ಟಿದೆ. ಅವನು ತೀರಿಕೊಂಡ. ಹಾಗೆಂದು ಅವನ ಮನೆಯವರನ್ನು ಬೀದಿಗೆ ಹಾಕುವುದು ತಪ್ಪು. ಹಾಗಾದರೆ ಆ ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಯಾರ್ಯಾರಿಗೆ ಇರಲು ಬಿಡಬೇಕು?

ಸೊಪ್ಪಿನವಳು 'ಹೆಂಡ್ತಿ ಮಕ್ಳು' ಎಂದಳು. ಮೇಷ್ಟ್ರ ಹೆಂಡತಿ 'ವಯಸ್ಸಾದ ತಂದಿ ತಾಯಿ ಇರ್ತಾರಲ್ರಿ' ಎಂದು ಸೇರಿಸಿದರು. ಮೇಷ್ಟ್ರು ಅತ್ತೆಯನ್ನು ಕೇಳಿದರು. ಕಾಲೋನಿಯ ಮನೆಯಲ್ಲಿ ಇರುವವರು ಅಲ್ಲಿ ಅತ್ತೆಯೊಬ್ಬರೇ.

'ನೀವು ಹೇಳ್ರಿ ಅಕ್ಕಾರ. ಮತ್ಯಾರು?'

ಅತ್ತೆ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ನಿಜಕ್ಕೂ ಯೋಚಿಸಿದರು. 'ಅಷ್ಟೇ ಮೇಷ್ಟ್ರೇ. ಹೆಂಡ್ತಿ, ಮಕ್ಳು, ಅಪ್ಪ ಅಮ್ಮ. ಇನ್ಯಾರಿರ್ತಾರೆ?'

'ಯಾರೂ ಬಿಟ್ಟಿಲ್ಲ ತಾನೆ?'

'ಯಾರೂ ಬಿಟ್ಟಿಲ್ಲ.'

ಮೇಷ್ಟ್ರು ಬರೆದುಕೊಂಡರು. ನನ್ನ ಕಡೆಗೂ ನೋಡಿದರು. ಕಾನೂನು ಓದುತ್ತಿದ್ದ ನಾನು ತಲೆಯಾಡಿಸಿದೆ.

ಆಮೇಲೆ ಐದಾರು ವರ್ಷ ಕಳೆಯಿತು. ಮೇಷ್ಟ್ರು ಸರ್ಕಾರದ ಕೆಲಸ ಬಿಟ್ಟು ಪೂರ್ತಿ ಕಾಲೇಜಿಗೆ ಮರಳಿದರು. ದೊಡ್ಡ ಕುರ್ಚಿ ಬಿಟ್ಟು ಬಂದವರನ್ನು ಕಂಡು ರಸ್ತೆಯವರಿಗೆ ಮರುಕ, ಅವರಿಗೆ ನಿರಾಳ. 'ಬರೆದದ್ದು ಸಾಕು, ಇನ್ನ ಬರೆದದ್ದನ್ನ ಓದೂದು ಕಲಸ್ತೀನಿ' ಎಂದರು. ನನಗೆ ಮದುವೆಯಾಗಿ ವಿಜಯನಗರದಲ್ಲಿ ಒಂದು ಮನೆಯ ಹಿಂದಿನ ಭಾಗಕ್ಕೆ ಬಾಡಿಗೆಗೆ ಹೋದೆ. ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿ ಸೇರಿದೆ. ಮರುವರ್ಷವೇ ಅಪ್ಪ ಹೋದರು. ಗಿರಣಿಯಿಂದ ಬಂದವರು ಕೋಟು ಬಿಚ್ಚುವಾಗಲೇ ಕುಸಿದರಂತೆ.

ಅಪ್ಪ ಹೋಗಿ ಎರಡು ತಿಂಗಳಿಗೆ ಅತ್ತೆಗೆ ನೋಟೀಸು ಬಂತು. ಮನೆ ಖಾಲಿ ಮಾಡಬೇಕು. ಹಂಚಿಕೆಯಾದ ಕೆಲಸಗಾರ ತೀರಿಕೊಂಡಿದ್ದಾನೆ, ಅವನ ಕುಟುಂಬದವರು ಯಾರೂ ಅಲ್ಲಿ ವಾಸವಿಲ್ಲ.

ಅತ್ತೆಗೆ ಇಂಗ್ಲಿಷು ಬಾರದು. ನಾನೇ ಓದಿ ಹೇಳಬೇಕಾಯಿತು. 'ಕುಟುಂಬದವರು ಯಾರೂ ಅಲ್ಲಿ ವಾಸವಿಲ್ಲ' ಎನ್ನುವ ಸಾಲನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ. ಅವರು ಮಿಷನ್ನಿಗೆ ಎಣ್ಣೆ ಬಿಡುತ್ತ ಕೇಳಿಸಿಕೊಂಡರು. 'ಸರಿ ಬಿಡು, ಅವರದ್ದು ಮನೆ, ಅವರು ಕೇಳ್ತಾರೆ' ಎಂದರು. ನಮ್ಮ ಮನೆಗೆ ಬನ್ನಿ ಎಂದು ಕರೆದರೆ, ಹೆಣ್ಣು ಕೊಟ್ಟ ಮನೆಗೆ ಬಂದು ಕೂರುವವಳಲ್ಲ ಎಂದರು. ಮತ್ತೆ ಎಲ್ಲಿಗೆ ಹೋಗುತ್ತೀರಿ ಎಂದರೆ ಮಿಷನ್ನಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟರು. ರವಿಕೆ ಕೊಡುವವರೆಲ್ಲ ಆ ರಸ್ತೆಯವರು. ಬೇರೆ ಕಡೆ ಹೋದರೆ ಅತ್ತೆಗೆ ಮನೆಯೂ ಇಲ್ಲ, ಅನ್ನವೂ ಇಲ್ಲ.

ನಿಯಮದ ಪ್ರತಿ ತರಿಸಿ ಓದಿದೆ. ಕುಟುಂಬ ಎಂದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆ ತಾಯಿ. ಆ ಸಾಲು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಹೊಳೆದಾಗ ನಾನು ಬಸ್ಸಿನಲ್ಲಿದ್ದೆ. ಮುಂದಿನ ಸ್ಟಾಪಿನಲ್ಲೇ ಇಳಿದು ರಾಜಾಜಿನಗರಕ್ಕೆ ನಡೆದೆ.

ಮೇಷ್ಟ್ರು ನೋಟೀಸು ಓದಿದರು. ನಿಯಮ ಓದಿದರು. ಒಳಗೆ ಹೋಗಿ ಕತೆ ಪುಸ್ತಕಗಳಲ್ಲಿ ಒಂದನ್ನು ಹುಡುಕಿ ತಂದರು. ಹಾಳೆ ಸಿಕ್ಕಿತು. ಅವರ ಗುಂಡಗಿನ ಅಕ್ಷರ: 'ಸೊಪ್ಪಿನಾಕೆ: ಹೆಂಡತಿ, ಮಕ್ಕಳು. ಮನೆಯಾಕೆ: ತಂದೆ ತಾಯಿ ಸಹ. ಎದುರು ಮನೆ ಅಕ್ಕಾರು: ಅಷ್ಟೇ, ಯಾರೂ ಬಿಟ್ಟಿಲ್ಲ. ಹುಡುಗಿ: ತಲೆಯಾಡಿಸಿದಳು.' ಆ ಹಾಳೆಯಲ್ಲಿ ಒಂದೂ ನೀಲಿ ಗೀಟಿರಲಿಲ್ಲ.

ನಾನು ಆ ಕೊನೆಯ ಸಾಲನ್ನೇ ನೋಡುತ್ತ ಕೂತೆ. ನನ್ನ ಜಡೆ ಹೆಣೆದವರು, ನನ್ನ ಫೀಜಿಗೆ ರವಿಕೆ ಹೊಲಿದವರು ಒಂದು ಮೆಟ್ಟಿಲು ಕೆಳಗೆ ಕೂತು 'ಇನ್ಯಾರಿರ್ತಾರೆ' ಎಂದಿದ್ದರು, ನಾನು ಹೌದೆಂದಿದ್ದೆ.

ಮೇಷ್ಟ್ರು ಪುಸ್ತಕ ಮುಚ್ಚಿ ಹೇಳಿದರು: 'ಅವರನ್ನ ಕೇಳ್ದೆ, ತಂಗಿ. ಅವರನ್ನ ನೋಡಲಿಲ್ಲ.'

ನನಗೆ ಆಗ ಮರುಕಕ್ಕಿಂತ ಆಸೆ ಹುಟ್ಟಿತು. ವಿಚಾರಣೆಗೆ ದಿನ ಗೊತ್ತಾಗಿದೆ, ನೀವೇ ಬಂದು ಅಧಿಕಾರಿಗೆ ಹೇಳಿ ಎಂದೆ. ಈ ನಿಯಮ ಬರೆದವನು ನಾನೇ, ವಿಧವೆ ಅಕ್ಕನನ್ನು ಹೊರಗಿಡುವುದು ನನ್ನ ಉದ್ದೇಶವಾಗಿರಲಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು. ಅವರು ತಲೆಯಲ್ಲಾಡಿಸಿದರು.

'ನಾ ಬರಂಗಿಲ್ಲ. ಬರೆದವ ಸತ್ತಾನ ಅಂತ ತಿಳಕೊಂಡು ಓದಬೇಕು. ಇವತ್ತು ನಾ ಹೋಗಿ ನನ್ನ ಮನಸ್ಸಿನಾಗ ಅಕ್ಕಾರು ಇದ್ರು ಅಂತೀನಿ. ನಾಳೆ ಇನ್ನೊಬ್ಬ ಹೋಗಿ, ನನ್ನ ಮನಸ್ಸಿನಾಗ ಈ ಬಡವ ಇರಲಿಲ್ಲ ಅಂತಾನ. ಆಮ್ಯಾಲೆ ಹಾಳಿ ಯಾಕೆ ಬೇಕು? ಮತ್ತ... ನನ್ನ ಮನಸ್ಸಿನಾಗ ಅಕ್ಕಾರು ಇದ್ರು ಅನ್ನೂದು ಸುಳ್ಳು. ಇರಲಿಲ್ಲ.'

ನನ್ನ ನಾಲಿಗೆಗೆ ಆಗಲೂ ಲಗಾಮು ಕಡಿಮೆ. 'ಸತ್ತೋರ ಮನೇಲಿ ಕಾಫಿ ಕೊಡ್ತಾರಾ ಸಾರ್?' ಎಂದುಬಿಟ್ಟೆ. ಲೋಟ ಹಿಡಿದು ಬರುತ್ತಿದ್ದ ಅವರ ಹೆಂಡತಿ ಹೊಸಿಲಲ್ಲೇ ನಿಂತರು. ಆ ಮುತ್ತೈದೆಯ ಮುಖ ನೋಡಿ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೇಷ್ಟ್ರು ಮಾತ್ರ ಲೋಟ ಇಸಿದುಕೊಂಡು ನನ್ನ ಕೈಗೆ ಕೊಟ್ಟು, 'ಕುಡಿ. ಸಿಟ್ಟು ಇಟ್ಕೊ, ವಿಚಾರಣೆಗೆ ಬೇಕಾಗ್ತದ' ಎಂದರು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಕೆಟ್ಟವರೇನಲ್ಲ. ನಿಯಮದ ಮೇಲೆ ಬೆರಳಿಟ್ಟು, 'ನೋಡಮ್ಮ, ಲಿಸ್ಟಲ್ಲಿ ಅಕ್ಕ ಇಲ್ಲ. ನಾನೇನ್ ಮಾಡ್ಲಿ? ನಾನು ಸೇರಿಸ್ಕೊಂಡು ಓದೋಕಾಗುತ್ತಾ?' ಎಂದರು. ಮೇಷ್ಟ್ರ ಪಾಠವನ್ನೇ ಅವರ ಬಾಯಲ್ಲಿ ಕೇಳಿ ನನಗೆ ಅಳು ಬಂತು. ಮೂವತ್ತು ವರ್ಷ ಈ ಮನೆಯ ಒಲೆ ಹಚ್ಚಿದವರು ಇವರು ಎಂದೆಲ್ಲ ವಾದಿಸಿದೆ. ಅವರು ಮೂರು ತಿಂಗಳು ಸಮಯ ಕೊಟ್ಟರು. ಅಷ್ಟೇ ಅವರ ಕೈಯಲ್ಲಿದ್ದದ್ದು.

ಆ ಮೂರು ತಿಂಗಳು ಮೇಷ್ಟ್ರು ಏನು ಮಾಡಿದರೆಂದು ನನಗೆ ಪೂರ್ತಿ ತಿಳಿದದ್ದು ಆಮೇಲೆ. ಬೆಳಗಿನ ಪಾಠ ಮುಗಿಸಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ವಿಧಾನಸೌಧಕ್ಕೆ ಹೋಗುತ್ತಿದ್ದರು. ಒಂದು ಕಾಲಕ್ಕೆ ತಾವೇ ಕೂರುತ್ತಿದ್ದ ಕೋಣೆಯ ಹೊರಗೆ, ಅಹವಾಲು ತಂದವರ ಬೆಂಚಿನ ಮೇಲೆ ಕೋಟು ಹಾಕಿಕೊಂಡು ಕೂರುತ್ತಿದ್ದರು. ಹಳೆಯ ಜವಾನ ಓಡಿ ಬಂದು ಒಳಗೆ ಕರೆದರೆ, 'ನನ್ನ ಸರದಿ ಬರಲಿ ಇರೋ' ಎನ್ನುತ್ತಿದ್ದರಂತೆ. ನಿಯಮ ತಿದ್ದಬೇಕು ಎನ್ನುವುದು ಅವರ ಬೇಡಿಕೆ. ಓದುವವನು ಸೇರಿಸಿಕೊಂಡು ಓದುವಂತಿಲ್ಲ. ಸರಿ, ಬರೆದವನು ಸೇರಿಸಿ ಬರೆಯಬಹುದಲ್ಲ.

ಆಗ ಕಾರ್ಯದರ್ಶಿಯಾಗಿದ್ದವರು ಮೇಷ್ಟ್ರ ಶಿಷ್ಯರೇ. ಎಷ್ಟೋ ವರ್ಷದ ಮೇಲೆ ಒಂದು ಸಮಾರಂಭದಲ್ಲಿ ಸಿಕ್ಕಿ ಅವರೇ ನನಗೆ ಹೇಳಿದ್ದು. ಮೇಷ್ಟ್ರ ಅರ್ಜಿಯಲ್ಲಿ ಮೊದಲ ಸಾಲು ಹೀಗಿತ್ತಂತೆ: 'ಈ ವ್ಯಾಖ್ಯೆಯನ್ನು ಬರೆದವನು ನಾನು. ಇದರಲ್ಲಿ ದೋಷವಿದೆ. ದೋಷ ನನ್ನದು.' ಕಾರ್ಯದರ್ಶಿ ಹೌಹಾರಿದರು. ಆಗ ಸರ್ಕಾರ ರಾಜ್ಯದ ಹಳೆಯ ಕಾನೂನುಗಳನ್ನೆಲ್ಲ ಪರಿಶೀಲಿಸಲು ಒಂದು ಸಮಿತಿ ಮಾಡುವುದರಲ್ಲಿತ್ತು. ಅಧ್ಯಕ್ಷರಾಗಿ ಮೇಷ್ಟ್ರ ಹೆಸರು ಕಡತದಲ್ಲಿತ್ತು. ಆಯುಷ್ಯವೆಲ್ಲ ಬರೆದು, ಓದಿ, ಕಲಿಸಿದವರಿಗೆ ಅದಕ್ಕಿಂತ ಒಪ್ಪುವ ಕೆಲಸ ಇನ್ನಿರಲಿಲ್ಲ.

'ಸಾರ್, ಆ ಸಾಲು ಬೇಡ. ಬದಲಾದ ಪರಿಸ್ಥಿತಿಯಲ್ಲಿ ತಿದ್ದುಪಡಿ ಅಗತ್ಯ ಅಂತ ಬರೀರಿ. ಕೆಲಸಾನೂ ಆಗುತ್ತೆ, ಸಮಿತಿನೂ ಉಳಿಯುತ್ತೆ' ಎಂದು ಶಿಷ್ಯರು ಬೇಡಿಕೊಂಡರು.

'ಪರಿಸ್ಥಿತಿ ಎಲ್ಲಿ ಬದಲಾಗೇದಪ್ಪಾ? ತಮ್ಮನ ಮನಿಗೆ ಬಂದ ಅಕ್ಕ ಅವತ್ತೂ ಇದ್ಲು. ತಪ್ಪನ್ನ ಪರಿಸ್ಥಿತಿ ಅಂತ ಬರೆದ್ರ, ಮುಂದ ಓದುವವಗ ತಪ್ಪು ಎಲ್ಲಾತು ಅಂತ ಗೊತ್ತಾಗೂದು ಹ್ಯಾಂಗ?' ಎಂದು ಕಾಗದವನ್ನು ಹಾಗೆಯೇ ಮೇಜಿನ ಮೇಲಿಟ್ಟು ಬಂದರು. ಸಮಿತಿಗೆ ಬೇರೆಯವರು ಅಧ್ಯಕ್ಷರಾದರು. ಮೇಷ್ಟ್ರು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅದರಲ್ಲಿ ಒಂದು ಕಡೆ ನೀಲಿ ಗೀಟು ಹಾಕಿದರು ಎಂದು ಅವರ ಹೆಂಡತಿ ಹೇಳಿದರು.

ಅರ್ಜಿಯನ್ನು ಒಪ್ಪಿದ ಇಲಾಖೆ ತಿದ್ದುಪಡಿಯ ಕರಡು ಬರೆದುಕೊಡಿ ಎಂದು ಅವರನ್ನೇ ಕೇಳಿತು. ಆ ಭಾನುವಾರ ಮೇಷ್ಟ್ರು ನನ್ನನ್ನು ವಿಜಯನಗರದಿಂದ ಕರೆಸಿದರು. ಜಗಲಿಯ ಮೇಲೆ ಅವರು, ಬಾಗಿಲಲ್ಲಿ ಅವರ ಹೆಂಡತಿ, ಮೆಟ್ಟಿಲ ಬಳಿ ಬುಟ್ಟಿ ಇಳಿಸಿಕೊಂಡು ಸೊಪ್ಪಿನವಳು. ಅತ್ತೆ ಬರಲು ಒಪ್ಪಿರಲಿಲ್ಲ. ಮೇಷ್ಟ್ರೇ ರಸ್ತೆ ದಾಟಿ, ಬನಿಯನ್ನಿನ ಮೇಲೆ ಟವಲು ಹೊದ್ದು, ನಮ್ಮ ಬಾಗಿಲಲ್ಲಿ ನಿಂತು ಕರೆದುಕೊಂಡು ಬಂದರು. ಅತ್ತೆ ಹಳೆಯ ಜಾಗದಲ್ಲೇ, ಮೆಟ್ಟಿಲ ತುದಿಯಲ್ಲಿ ಕೂತರು. ಈ ಸಲ ಮೇಷ್ಟ್ರು ಜಗಲಿಯಿಂದ ಇಳಿದು ಅವರ ಎದುರಿಗೆ ಕಲ್ಲಿನ ಮೇಲೆ ಕೂತರು.

'ಒಂದೂರಾಗ ಒಬ್ಬ ಕೆಲಸಗಾರ ಇದ್ದ, ಅಕ್ಕಾರ. ತೀರಿಕೊಂಡ. ಆ ಮನಿಯೊಳಗ ಯಾರಿದ್ರು?'

ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತರು. 'ಹೆಂಡ್ತಿ ಮೊದ್ಲೇ ಹೋಗಿದ್ಲು' ಎಂದರು.

'ಹೌದು.'

'ಮಗಳು ಮದ್ವೆಯಾಗಿ ಹೋದ್ಲು.'

'ಹೌದು. ಮತ್ತ?'

'ಅಪ್ಪ ಅಮ್ಮ ಯಾವತ್ತೋ ಹೋದ್ರು. ಅಷ್ಟೇ, ಇನ್ಯಾರೂ...' ಎಂದು ಅತ್ತೆ ಅಲ್ಲಿಗೇ ನಿಲ್ಲಿಸಿದರು. ಮೇಷ್ಟ್ರು ಪುಸ್ತಕವನ್ನು ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದರು. ನನಗೆ ಬಾಯಿ ಬಿಟ್ಟು ಹೇಳಿಬಿಡಬೇಕು ಎನ್ನಿಸಿ ಮುಂದೆ ಬಾಗಿದೆ. ಮೇಷ್ಟ್ರು ಕೈ ಎತ್ತಿ ತಡೆದರು. ರಸ್ತೆಯಲ್ಲಿ ಒಂದು ಸೈಕಲ್ಲು ಹೋಯಿತು.

'ನಾನಿದ್ದೆ' ಎಂದರು ಅತ್ತೆ.

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಂಡರು. ಸೊಪ್ಪಿನವಳು, 'ಅಷ್ಟು ಹೇಳಾಕೆ ಇಷ್ಟೊತ್ತಾ ಅಕ್ಕ? ನನ್ ಸೊಪ್ಪೆಲ್ಲ ಬಾಡ್ತು' ಎಂದಳು. ಎಲ್ಲರೂ ನಕ್ಕರು. ಅತ್ತೆ ನಗುತ್ತಲೇ ಅಳುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದು ಎರಡನೆಯ ಸಲ.

ತಿದ್ದುಪಡಿ ಹೊರಬಿದ್ದಾಗ ಗಡುವು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಕುಟುಂಬದ ಪಟ್ಟಿಗೆ ಒಂದು ಸಾಲು ಕೂಡಿಸಿದ್ದರು: ಕೆಲಸಗಾರನೊಡನೆ ವಾಸವಿದ್ದು ಆ ಮನೆಯನ್ನು ನಡೆಸಿಕೊಂಡು ಬಂದ ಯಾವುದೇ ಸಂಬಂಧಿ. ಅಧಿಕಾರಿ ಪ್ರತಿಯನ್ನು ಎರಡು ಸಲ ಓದಿ, 'ಈಗ ಲಿಸ್ಟಲ್ಲಿದಾರೆ ನೋಡಮ್ಮ' ಎಂದು ಸಂತೋಷದಿಂದಲೇ ಮೊಹರು ಹಾಕಿದರು. ಆ ನಿಯಮದ ಕೆಳಗೆ ಎಷ್ಟು ಅಕ್ಕಂದಿರು, ಎಷ್ಟು ಚಿಕ್ಕಮ್ಮಂದಿರು ತಮ್ಮ ತಮ್ಮ ಒಲೆಯ ಮುಂದೆ ಉಳಿದರೋ ನನಗೆ ಗೊತ್ತಿಲ್ಲ. ನಮ್ಮತ್ತೆ ಹನ್ನೊಂದು ವರ್ಷ ಆ ಮನೆಯಲ್ಲೇ ಇದ್ದು, ಅದೇ ಕಿಟಕಿಯ ಪಕ್ಕ ಹೊಲಿದು, ಅಲ್ಲೇ ಕಣ್ಣು ಮುಚ್ಚಿದರು. ಬಾಗಿಲಿಗೆ ಬಂದು ಯಾರಾದರೂ 'ಮನೇಲಿ ಯಾರಿದಾರೆ?' ಎಂದರೆ 'ಬನ್ನಿ, ನಾನಿದೀನಿ' ಎನ್ನುವುದನ್ನು ಕಲಿತಿದ್ದರು.

ಮೇಷ್ಟ್ರು ಅವರಿಗಿಂತ ಮೊದಲೇ ಹೋದರು. ಕಾಲೇಜಿನಿಂದ ನಿವೃತ್ತರಾದ ಮರುವರ್ಷ, ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ನಾನು ತಲುಪಿದಾಗ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ಕಿವಿಯ ಮೇಲಿನ ಆ ಬೋಳು ಗೆರೆ ಖಾಲಿಯಾಗಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಎಂದೋ ಆಡಿದ್ದ 'ಸತ್ತೋರ ಮನೆ'ಯ ಮಾತು ನೆನಪಾಗಿ ಅವರ ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಆಕೆಯೇ ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡರು.

ಅಂಗಳದ ತುಂಬ ಕಾರುಗಳು. ನ್ಯಾಯಾಧೀಶರು, ಕಾರ್ಯದರ್ಶಿಗಳು, ಪ್ರೊಫೆಸರುಗಳು. ಮಗ ಪತ್ರಿಕೆಗೆ ಕೊಡಲು ಬರೆಯುತ್ತಿದ್ದ: ಪತ್ನಿ, ಇಬ್ಬರು ಪುತ್ರರು, ಸೊಸೆಯಂದಿರು, ಮೊಮ್ಮಕ್ಕಳು, ಅಪಾರ ಶಿಷ್ಯವರ್ಗ. ಬರೆದು ತಾಯಿಗೆ ಓದಿ ಹೇಳಿದ. ಆಕೆ ಕೇಳಿಸಿಕೊಂಡು, ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಕಾರುಗಳ ಆಚೆ, ಗೇಟಿನ ಹೊರಗೆ, ಸೊಪ್ಪಿನವಳು ನಿಂತಿದ್ದಳು. ಬುಟ್ಟಿ ತಲೆಯ ಮೇಲೇ ಇತ್ತು. ಇಷ್ಟು ದೊಡ್ಡವರ ನಡುವೆ ಇಳಿಸಬಹುದೋ ಇಲ್ಲವೋ ಎಂದು ಅವಳಿಗೆ ತಿಳಿದಿರಲಿಲ್ಲ.

'ಆಕಿನ್ನ ಒಳಗ ಕರ್ಕೊಂಡು ಬಾ, ಹೋಗು' ಎಂದು ಆಕೆ ನನ್ನನ್ನು ಎಬ್ಬಿಸಿದರು. ನಾನು ಹೋಗಿ ಬುಟ್ಟಿಗೆ ಕೈ ಕೊಟ್ಟು ಇಳಿಸಿದೆ. ಅವಳು ಒಂದು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡು ಒಳಗೆ ಬಂದು, ಹೂವಿನ ರಾಶಿಯ ಪಕ್ಕ ಅವರ ಕಾಲ ಬಳಿ ಇಟ್ಟಳು. ಯಾರೂ ಅದನ್ನು ತೆಗೆಯಲಿಲ್ಲ.

ನಾನು ಈಗಲೂ ವಕೀಲಿ ಮಾಡುತ್ತೇನೆ. ನನ್ನ ಹತ್ತಿರ ಬರುವವರು ಹೆಚ್ಚಾಗಿ ಹೆಂಗಸರು. ಅರ್ಜಿ ಬರೆಯುವ ಮುಂಚೆ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುತ್ತೇನೆ. ಗಂಡ, ಮಕ್ಕಳು, ಅತ್ತೆ, ಮಾವ, ಮೈದುನ ಎಂದು ಬೆರಳು ಮಡಿಸುತ್ತ ಹೇಳುತ್ತಾರೆ. ಯಾರೂ ಬಿಟ್ಟಿಲ್ಲ ತಾನೆ ಎಂದರೆ, ಇಲ್ಲ ಮೇಡಂ, ಅಷ್ಟೇ ಎನ್ನುತ್ತಾರೆ. ಆಗ ನಾನು ಪೆನ್ನು ಕೆಳಗಿಟ್ಟು, ಅವರ ಮುಖ ನೋಡಿ, ಇನ್ನೊಂದು ಸಲ ಕೇಳುತ್ತೇನೆ.